ಎಸಿ ಹಾಕುವ ಮೊದಲು ಕಿಟಕಿ ಇಳಿಸಿ

ಮಾರ್ಚ್ ಬಂತೆಂದರೆ ನನ್ನ ಗ್ಯಾರೇಜಿನ ಮುಂದೆ ಕಾರುಗಳ ಸಾಲು. ಇಳಿದವರು ಹೇಳುವುದು ಹೆಚ್ಚು ಕಡಿಮೆ ಒಂದೇ ಮಾತು: ‘ಕೂಲಿಂಗ್ ಸಾಲ್ತಿಲ್ಲ, ಗ್ಯಾಸ್ ಹಾಕಿಬಿಡಿ.’ ಹೊಸಪೇಟೆಯಲ್ಲಿ 1998ರಿಂದ ಕಾರಿನ ಎಸಿ ಕೆಲಸ ಮಾಡುತ್ತಿದ್ದೇನೆ, ಅಂದಿನಿಂದಲೂ ಇದನ್ನೇ ಕೇಳುತ್ತಿದ್ದೇನೆ. ನಾನು ಸ್ಪ್ಯಾನರ್ ಮುಟ್ಟುವ ಮೊದಲು ಕಾರಿನೊಳಗೆ ಕೂತು ಯಾವ ಬಟನ್ ಹೇಗಿದೆ ಅಂತ ನೋಡುತ್ತೇನೆ. ಎಷ್ಟೋ ಸಲ ಅಲ್ಲೇ ಉತ್ತರ ಸಿಕ್ಕಿಬಿಡುತ್ತದೆ. ಅಂಥವರು ದುಡ್ಡು ಕೊಡದೆ ವಾಪಸ್ ಹೋದರೆ ನನಗೆ ಖುಷಿ.

ಈ ಸಲ ಬಂದ ಪತ್ರಗಳೂ ಅಂಥವೇ. ಉತ್ತರಕ್ಕೆ ಮೊದಲು ಒಂದು ಮಾತು. ಎಸಿ ತಂಪನ್ನು ತಯಾರು ಮಾಡುವುದಿಲ್ಲ. ಕಾರಿನೊಳಗಿನ ಬಿಸಿಯನ್ನೂ ತೇವವನ್ನೂ ಹೊತ್ತು ಹೊರಗೆ ಹಾಕುತ್ತದೆ, ಅಷ್ಟೇ. ಡ್ಯಾಶ್‌ಬೋರ್ಡ್ ಹಿಂದಿರುವ ಕೂಲಿಂಗ್ ಕಾಯಿಲ್ ಬಿಸಿಯನ್ನು ಹೀರುತ್ತದೆ. ರೇಡಿಯೇಟರ್ ಮುಂದಿರುವ ಕಂಡೆನ್ಸರ್ ಅದನ್ನು ಹೊರಗಿನ ಗಾಳಿಗೆ ಬಿಡುತ್ತದೆ. ಎರಡರ ನಡುವೆ ಗ್ಯಾಸನ್ನು ಓಡಾಡಿಸುವುದು ಕಂಪ್ರೆಸರ್. ಇದಿಷ್ಟು ನೆನಪಿಟ್ಟುಕೊಂಡು ಮುಂದೆ ಓದಿ.

ಪ್ರಶ್ನೆ: ನಮ್ಮ ಶಾಲೆಯ ಅಂಗಳದಲ್ಲಿ ಒಂದು ಮರವೂ ಇಲ್ಲ. ಮಧ್ಯಾಹ್ನ ಕಾರಿನ ಬಾಗಿಲು ತೆಗೆದರೆ ಒಲೆಯ ಮುಂದೆ ನಿಂತ ಹಾಗೆ. ಕೂತ ತಕ್ಷಣ ಕಿಟಕಿ ಹಾಕಿ, ಎಸಿ ಆನ್ ಮಾಡಿ, ಫ್ಯಾನ್ 4ಕ್ಕೆ ಇಡುತ್ತೇನೆ. ಮನೆ 6 ಕಿಲೋಮೀಟರ್. ಮನೆ ಬಂದರೂ ಕಾರು ತಣ್ಣಗಾಗಿರುವುದಿಲ್ಲ. ಗ್ಯಾಸ್ ಕಡಿಮೆಯಾಗಿದೆಯಾ?
– ಶಿಕ್ಷಕಿ, ಕಲಬುರಗಿ

ಉತ್ತರ: ಟೀಚರ್, ನಿಮ್ಮ ಪತ್ರದಲ್ಲೇ ಉತ್ತರ ಇದೆ. ‘ಕೂತ ತಕ್ಷಣ ಕಿಟಕಿ ಹಾಕಿ’ ಅಂದಿರಲ್ಲ, ಅಲ್ಲೇ ಎಡವಟ್ಟಾಗುತ್ತಿರುವುದು.

ಹೊರಗೆ 42 ಡಿಗ್ರಿ ಇದ್ದರೆ ಬಿಸಿಲಲ್ಲಿ ನಿಂತ ಕಾರಿನೊಳಗೆ 60 ದಾಟಿರುತ್ತದೆ. ಆ ಹೊತ್ತಿನಲ್ಲಿ ಕಲಬುರಗಿಯ ಬಿಸಿಗಾಳಿಯೇ ನಿಮ್ಮ ಕಾರಿನ ಗಾಳಿಗಿಂತ ತಂಪು. ಅದು ಪುಕ್ಕಟೆ ಸಿಗುತ್ತದೆ. ಅದನ್ನು ಬಳಸಿಕೊಳ್ಳದೆ ಕಿಟಕಿ ಮುಚ್ಚಿದರೆ 60 ಡಿಗ್ರಿಯ ಹೊರೆ ಪೂರ್ತಿ ಎಸಿಯ ತಲೆಗೆ ಕಟ್ಟಿದ ಹಾಗಾಯಿತು.

ನಾಳೆ ಹೀಗೆ ಮಾಡಿ ನೋಡಿ. ಮೊದಲು ಎಡಗಡೆ ಹಿಂದಿನ ಕಿಟಕಿಯನ್ನು ಪೂರ್ತಿ ಇಳಿಸಿ. ಆಮೇಲೆ ಹೊರಗೆ ನಿಂತು ಡ್ರೈವರ್ ಕಡೆಯ ಬಾಗಿಲನ್ನು ಬೀಸಣಿಗೆ ಬೀಸಿದ ಹಾಗೆ ಐದಾರು ಸಲ ತೆಗೆದು ಹಾಕಿ. ಒಳಗಿನ ಬಿಸಿಗಾಳಿ ಆ ಕಡೆಯ ಕಿಟಕಿಯಿಂದ ಭುಸ್ ಅಂತ ಹೊರಬೀಳುತ್ತದೆ. ಆ ಕಿಟಕಿಯ ಹತ್ತಿರ ಮಗಳನ್ನೋ ಜೊತೆಯ ಟೀಚರನ್ನೋ ನಿಲ್ಲಿಸಿ, ಮುಖಕ್ಕೆ ರಾಚುವುದು ಗೊತ್ತಾಗುತ್ತದೆ. ನಂತರ ನಾಲ್ಕೂ ಕಿಟಕಿ ಇಳಿಸಿ, ಎಸಿ ಹಾಕಿ, ಫ್ಯಾನ್ 4ಕ್ಕೆ ಇಟ್ಟು, ಗಾಳಿಯ ಬಟನ್ ಹೊರಗಾಳಿಗೆ ಇಟ್ಟು ಗಾಡಿ ಹೊರಡಿಸಿ. ನಿಂತಲ್ಲೇ ಎಂಜಿನ್ ಓಡಿಸುತ್ತಾ ಕಾಯಬೇಡಿ. ಕಾರು ಓಡುವಾಗ ಕಂಪ್ರೆಸರ್ ಜೋರಾಗಿ ತಿರುಗುತ್ತದೆ, ಕಂಡೆನ್ಸರ್‌ಗೂ ಗಾಳಿ ಚೆನ್ನಾಗಿ ಸಿಗುತ್ತದೆ. ಒಂದೆರಡು ನಿಮಿಷ ಓಡಿಸಿದ ಮೇಲೆ ಕಿಟಕಿ ಏರಿಸಿ. ಒಳಗಾಳಿಯ ಬಟನ್ ಒತ್ತುವುದು ಆಗ. ಕಾರಿನ ಚಿತ್ರದೊಳಗೆ ಬಾಣ ಸುತ್ತುತ್ತಿರುತ್ತದಲ್ಲ, ಅದೇ ಬಟನ್. ಅಲ್ಲಿಂದ ಮುಂದೆ ಎಸಿ ಒಮ್ಮೆ ತಂಪಾದ ಗಾಳಿಯನ್ನೇ ಮತ್ತೆ ತಂಪು ಮಾಡುತ್ತದೆ. ಕೆಲಸ ಹಗುರ.

ತಣ್ಣಗಾದ ಮೇಲೆ ಫ್ಯಾನನ್ನು 2ಕ್ಕೆ ಇಳಿಸಿ. 4ರಲ್ಲೇ ಇದ್ದರೆ ಜಾಸ್ತಿ ತಂಪು ಅಂತ ತುಂಬಾ ಜನ ನಂಬಿದ್ದಾರೆ. ಗಾಳಿ ಕಾಯಿಲ್ ಮೇಲೆ ನಿಧಾನವಾಗಿ ಹಾದುಹೋದರೆ ಬಿಸಿಯನ್ನೂ ತೇವವನ್ನೂ ಹೆಚ್ಚು ಬಿಟ್ಟು ಬರುತ್ತದೆ. ವೆಂಟ್‌ಗಳನ್ನು ಎದೆಗೆ ಗುರಿಯಿಡಬೇಡಿ, ಭುಜದ ಮೇಲಿಂದ ಹಿಂದಕ್ಕೆ ಹೋಗುವ ಹಾಗೆ ಸ್ವಲ್ಪ ಮೇಲಕ್ಕೆ ತಿರುಗಿಸಿ. ತಣ್ಣನೆ ಗಾಳಿ ಭಾರ. ತಾನಾಗಿಯೇ ಕೆಳಗಿಳಿದು ಹಿಂದಿನ ಸೀಟಿನವರಿಗೂ ಸಿಗುತ್ತದೆ.

ನಿಮ್ಮದು ಬರೀ 6 ಕಿಲೋಮೀಟರ್ ದಾರಿ. ಗಾಳಿ ತಣ್ಣಗಾದರೂ ಸೀಟು, ಸ್ಟೇರಿಂಗ್, ಡ್ಯಾಶ್‌ಬೋರ್ಡ್ ಎಲ್ಲ ಬಿಸಿ ಕಾರುತ್ತಲೇ ಇರುತ್ತವೆ. ಅದಕ್ಕೇ ಮುಂದಿನ ಗಾಜಿಗೆ ಮಡಚಿಡುವ ಬೆಳ್ಳಿಬಣ್ಣದ ಹಾಳೆ ತಗೊಳ್ಳಿ. ಅದನ್ನು ಗಾಜಿಗೆ ಒತ್ತಿ ನಿಲ್ಲಿಸಿದರೆ ಬಿಸಿಲು ಡ್ಯಾಶ್‌ಬೋರ್ಡ್ ಮುಟ್ಟುವುದೇ ಇಲ್ಲ. ನನಗೆ ಕೇಳಿದರೆ ಕಲಬುರಗಿ, ರಾಯಚೂರಿನ ಕಾರಿಗೆ ಅದು ಸ್ಟೆಪ್ನಿಯಷ್ಟೇ ಮುಖ್ಯ.

ಇಷ್ಟಾದ ಮೇಲೂ ಗ್ಯಾಸಿನ ಮೇಲೆ ಅನುಮಾನ ಇದ್ದರೆ ಅಳೆದು ನೋಡಿ. ನನ್ನ ಜೇಬಿನಲ್ಲಿ ಸದಾ ಒಂದು ಸಣ್ಣ ಥರ್ಮಾಮೀಟರ್ ಇರುತ್ತದೆ, ಕಡ್ಡಿಯ ಹಾಗೆ ತುದಿ ಇರುವಂಥದ್ದು. ಅದನ್ನು ನಡುವಿನ ವೆಂಟ್‌ನ ರೆಕ್ಕೆಗಳ ಸಂದಿಗೆ ತೂರಿಸುತ್ತೇನೆ. ಬೆಳಿಗ್ಗೆ ಹೊತ್ತು, 15 ನಿಮಿಷ ಓಡಿಸಿದ ಮೇಲೆ, ಒಳಗಾಳಿಯಲ್ಲಿ, 5ರಿಂದ 10 ಡಿಗ್ರಿ ತೋರಿಸಿದರೆ ನಿಮ್ಮ ಎಸಿ ಆರೋಗ್ಯವಾಗಿದೆ. ಕಡು ಬಿಸಿಲಲ್ಲಿ ಅಳೆದರೆ ಎರಡು ಮೂರು ಡಿಗ್ರಿ ಜಾಸ್ತಿ ಬರುತ್ತದೆ, ಗಾಬರಿ ಬೇಡ.

ಟೀಚರ್, ಇನ್ನೊಂದು ಮಾತನ್ನು ನಿಮ್ಮ ಶಾಲೆಯ ಅಪ್ಪ ಅಮ್ಮಂದಿರಿಗೂ ಹೇಳಿ. ‘ಎರಡೇ ನಿಮಿಷ’ ಅಂತ ಮಗುವನ್ನು ಕಾರಿನಲ್ಲಿ ಬಿಟ್ಟು ಅಂಗಡಿಗೆ ಹೋಗಲೇಬಾರದು. ಮುಚ್ಚಿದ ಕಾರು ಕಾಯುವುದು ಗಂಟೆಗಳಲ್ಲಲ್ಲ, ನಿಮಿಷಗಳಲ್ಲಿ. ಮಗುವಿನ ಮೈ ದೊಡ್ಡವರಿಗಿಂತ ಬೇಗ ಬಿಸಿಯಾಗುತ್ತದೆ.

ಪ್ರಶ್ನೆ: ಹೊರವರ್ತುಲ ರಸ್ತೆಯಲ್ಲಿ ದಿನಾ ಎರಡು ಗಂಟೆ ಟ್ರಾಫಿಕ್. ಹೊಗೆ, ಧೂಳು ಬೇಡ ಅಂತ ಕಾರು ತಗೊಂಡ ದಿನದಿಂದ ಒಳಗಾಳಿ ಬಟನ್ ಆಫ್ ಮಾಡಿಯೇ ಇಲ್ಲ. ಆಫೀಸು ತಲುಪುವಷ್ಟರಲ್ಲಿ ತಲೆ ಭಾರ, ಆಕಳಿಕೆ ಮೇಲೆ ಆಕಳಿಕೆ. ಎಸಿ ಗಾಳಿ ಒಗ್ಗುತ್ತಿಲ್ಲವಾ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಎಸಿ ಗಾಳಿ ಅಲ್ಲ, ನೀವೇ ಬಿಟ್ಟ ಉಸಿರು. ಒಳಗಾಳಿಯಲ್ಲಿ ಕಾರಿಗೆ ಹೊಸ ಗಾಳಿ ಹೆಚ್ಚು ಕಡಿಮೆ ಬರುವುದೇ ಇಲ್ಲ. ಉಸಿರಿನಿಂದ ಹೊರಬಂದ ಕಾರ್ಬನ್ ಡೈಆಕ್ಸೈಡ್ ಒಳಗೇ ಸೇರುತ್ತಾ ಹೋಗುತ್ತದೆ. ಒಬ್ಬರೇ ಇದ್ದರೆ ನಿಧಾನ, ನಾಲ್ಕು ಜನ ಕೂತಿದ್ದರೆ ಬಹಳ ಬೇಗ. ತಲೆ ಭಾರ, ತೂಕಡಿಕೆ ಬರುವುದು ಅದಕ್ಕೇ.

ಹೊಗೆ ಉಗುಳುವ ಬಸ್ಸಿನ ಹಿಂದೆ, ಸಿಗ್ನಲ್‌ನಲ್ಲಿ, ಅಂಡರ್‌ಪಾಸ್‌ನಲ್ಲಿ ಒಳಗಾಳಿ ಸರಿ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ, ರಸ್ತೆ ಸ್ವಲ್ಪ ಬಿಡುವಾದಾಗ, ಎರಡು ಮೂರು ನಿಮಿಷ ಹೊರಗಾಳಿಗೆ ತನ್ನಿ. ಕಿಟಕಿ ಇಳಿಸುವುದು ಬೇಡ, ಎಸಿ ಆರಿಸುವುದೂ ಬೇಡ. ಹೊರಗಿನ ಗಾಳಿ ಕ್ಯಾಬಿನ್ ಫಿಲ್ಟರ್ ಹಾದೇ ಒಳಗೆ ಬರುತ್ತದೆ, ಧೂಳು ಬಹುಪಾಲು ಅಲ್ಲೇ ನಿಲ್ಲುತ್ತದೆ. ಆ ಫಿಲ್ಟರ್ ಬಗ್ಗೆ ಮುಂದೆ ಬರೆದಿದ್ದೇನೆ, ಓದಿ. ರಾತ್ರಿ ಊರಿಗೆ ಹೊರಟಾಗ ಇದು ಇನ್ನೂ ಮುಖ್ಯ. ಹೆದ್ದಾರಿಯಲ್ಲಿ ತೂಕಡಿಕೆ ಬರುತ್ತಿದ್ದರೆ ಮೊದಲು ನೋಡಬೇಕಾದ್ದು ಈ ಬಟನ್. ಅದಾದ ಮೇಲೂ ಕಣ್ಣು ಎಳೆದರೆ ಗಾಡಿ ನಿಲ್ಲಿಸಿ ಮಲಗಿ.

ಪ್ರಶ್ನೆ: ಮಳೆಗಾಲದಲ್ಲಿ ಸಂಪಾಜೆ ಘಾಟಿ ಹತ್ತುವಾಗ ಮುಂದಿನ ಗಾಜು ಪೂರ್ತಿ ಮಂಜಾಗುತ್ತದೆ. ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಬಟ್ಟೆ. ಚಳಿ ಅಂತ ಮನೆಯವರು ಎಸಿ ಹಾಕಲು ಬಿಡುವುದಿಲ್ಲ. ಮಂಗಳೂರಿಗೆ ಹೋದಾಗ ಇನ್ನೊಂದು ಥರ. ಅಲ್ಲಿ ಎಸಿ ಹಾಕಿದರೇ ಗಾಜು ಮಂಜಾಗುತ್ತದೆ, ಒಳಗಿಂದ ಎಷ್ಟು ಒರೆಸಿದರೂ ಹೋಗುವುದಿಲ್ಲ.
– ಅಡಿಕೆ ಬೆಳೆಗಾರ, ಸುಳ್ಯ

ಉತ್ತರ: ಇವು ಎರಡು ಬೇರೆ ಬೇರೆ ಮಂಜು ಅಣ್ಣಾ. ಒಂದರ ಮದ್ದು ಇನ್ನೊಂದಕ್ಕೆ ಹಾಕಿದರೆ ಜಾಸ್ತಿಯಾಗುತ್ತದೆ. ಯಾವುದು ಅಂತ ತಿಳಿಯಲು ಗಾಜಿನ ಮೇಲೆ ಒಳಗಿಂದ ಬೆರಳಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಮೂಡಿದರೆ ಮಂಜು ಒಳಗಿನದು. ಮೂಡದಿದ್ದರೆ ಹೊರಗಿನದು.

ಸಂಪಾಜೆಯದು ಒಳಗಿನದು. ಗಾಜು ಮಳೆಗೆ ತಣ್ಣಗಾಗಿರುತ್ತದೆ. ಒಳಗೆ ನಿಮ್ಮೆಲ್ಲರ ಉಸಿರು, ಒದ್ದೆ ಕೊಡೆ, ಒದ್ದೆ ಚಪ್ಪಲಿ, ನೀರು ಕುಡಿದ ಮ್ಯಾಟ್. ಆ ತೇವ ಎಲ್ಲ ಹೋಗಿ ತಣ್ಣನೆ ಗಾಜಿಗೆ ಅಂಟುತ್ತದೆ. ಅದನ್ನು ಎಳೆದು ಹೊರಗೆ ಹಾಕುವುದು ಎಸಿ. ಮಳೆಗಾಲದಲ್ಲಿ ಎಸಿ ಇರುವುದು ತಂಪಿಗಲ್ಲ, ಒಣಗಿಸುವುದಕ್ಕೆ. ಮನೆಯವರಿಗೆ ಚಳಿಯಾಗದ ದಾರಿಯೂ ಇದೆ. ಎಸಿ ಬಟನ್ ಆನ್ ಮಾಡಿ, ಟೆಂಪರೇಚರ್ ತಿರುಪನ್ನು ನೀಲಿಯಿಂದ ಕೆಂಪಿನ ಕಡೆಗೆ ತಿರುಗಿಸಿ. ಗಾಳಿ ಮೊದಲು ಕಾಯಿಲ್ ಮೇಲೆ ಹಾದು ತೇವ ಕಳೆದುಕೊಳ್ಳುತ್ತದೆ, ಆಮೇಲೆ ಹೀಟರ್ ಹಾದು ಬೆಚ್ಚಗಾಗಿ ಬರುತ್ತದೆ. ಎಸಿ, ಹೀಟರ್ ಎರಡೂ ಒಟ್ಟಿಗೆ ಹಾಕಿದರೆ ಕೆಟ್ಟುಹೋಗುತ್ತೆ ಅಂತ ಕೆಲವರು ಹೆದರಿಸುತ್ತಾರೆ. ಹಾಗೇನೂ ಇಲ್ಲ. ಕಾರು ಮಾಡಿರುವುದೇ ಹಾಗೆ.

ಗಾಳಿಯನ್ನು ಮುಂದಿನ ಗಾಜಿನ ಕಡೆಗೆ ತಿರುಗಿಸಿ, ಬೀಸಣಿಗೆ ಆಕಾರದ ಗಾಜಿನ ಮೇಲೆ ಅಲೆಯಂಥ ಬಾಣಗಳಿರುವ ಚಿತ್ರದ ಬಟನ್ ಅದಕ್ಕೆ. ಫ್ಯಾನ್ ಜೋರು. ಎಲ್ಲಕ್ಕಿಂತ ಮುಖ್ಯ, ಹೊರಗಾಳಿ. ಮಳೆ ಬರುತ್ತಿದೆ ಅಂತ ಒಳಗಾಳಿ ಹಾಕಿಕೊಳ್ಳುವವರೇ ಜಾಸ್ತಿ. ಮಂಜಿಗೆ ಅದೇ ಮೂಲ, ಒಳಗಿನ ತೇವ ಒಳಗೇ ಸುತ್ತುತ್ತದೆ. ಸರಿಯಾಗಿ ಇಟ್ಟಾಗ ಗಾಜನ್ನೇ ನೋಡುತ್ತಿರಿ. ಮೊದಲು ಕೆಳ ಅಂಚಿನಲ್ಲಿ, ವೆಂಟ್‌ನ ಮೇಲೆ, ಎರಡು ಅರ್ಧಚಂದ್ರಗಳು ತೆರೆದುಕೊಳ್ಳುತ್ತವೆ. ಅವು ನಿಧಾನವಾಗಿ ಮೇಲೇರಿ ಒಂದಕ್ಕೊಂದು ಸೇರುತ್ತವೆ. ಒಂದೆರಡು ನಿಮಿಷದಲ್ಲಿ ರಸ್ತೆ ಪೂರ್ತಿ ಕಾಣುತ್ತದೆ. ಅಲ್ಲಿಯವರೆಗೆ ಘಾಟಿಯ ತಿರುವಿನಲ್ಲಿ ಆತುರ ಬೇಡ, ಜಾಗ ಇದ್ದಲ್ಲಿ ನಿಂತುಬಿಡಿ. ಒಂದು ಕೈಯಲ್ಲಿ ಬಟ್ಟೆ ಹಿಡಿದು ಓಡಿಸುವುದನ್ನು ದಯವಿಟ್ಟು ಇವತ್ತೇ ಬಿಡಿ.

ಮಂಗಳೂರಿನದು ಹೊರಗಿನ ಮಂಜು. ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಗೆ ಹನಿ ಕೂರುವುದಿಲ್ಲವೇ, ಅದೇ. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು. ನೀವು ಒಳಗಿಂದ ಗಾಜಿಗೆ ತಣ್ಣನೆ ಗಾಳಿ ಹೊಡೆದು ಅದನ್ನು ಲೋಟ ಮಾಡಿರುತ್ತೀರಿ. ಆಗ ಗಾಳಿಯನ್ನು ಗಾಜಿನಿಂದ ಮುಖದ ಕಡೆಗೋ ಕಾಲಿನ ಕಡೆಗೋ ತಿರುಗಿಸಿ, ತಂಪು ಸ್ವಲ್ಪ ಕಡಿಮೆ ಮಾಡಿ, ವೈಪರ್ ಒಂದೆರಡು ಸಲ ಹಾಕಿ. ಹೋಗುತ್ತದೆ.

ಗಾಜಿನ ಒಳಮೈಯನ್ನು ತಿಂಗಳಿಗೊಮ್ಮೆ ಚೆನ್ನಾಗಿ ತೊಳೆದು ಒರೆಸಿ. ಊದುಬತ್ತಿ ಹೊಗೆಯ ಜಿಡ್ಡು, ಡ್ಯಾಶ್‌ಬೋರ್ಡಿಗೆ ಹಚ್ಚುವ ಪಾಲಿಶ್ ಜಿಡ್ಡು ಗಾಜಿಗೆ ಕೂತಿದ್ದರೆ ಮಂಜು ಬೇಗ ಹಿಡಿಯುತ್ತದೆ.

ಪ್ರಶ್ನೆ: ನನ್ನದು ಆಟೋಮ್ಯಾಟಿಕ್ ಎಸಿ. ಬೇಗ ತಣ್ಣಗಾಗಲಿ ಅಂತ 18ಕ್ಕೆ ಇಡುತ್ತೇನೆ, ಚಳಿಯಾದರೆ 26, ಸೆಖೆಯಾದರೆ ಮತ್ತೆ 18. ಸರಿನಾ?
– ವ್ಯಾಪಾರಿ, ದಾವಣಗೆರೆ

ಉತ್ತರ: 24ಕ್ಕೆ ಇಟ್ಟು ಆಟೋ ಬಟನ್ ಒತ್ತಿ, ಆಮೇಲೆ ಅದರ ತಂಟೆಗೆ ಹೋಗಬೇಡಿ. ಒಳಗೆ ಕಾದಿದೆ ಅಂತ ಅದಕ್ಕೇ ಗೊತ್ತಾಗುತ್ತದೆ. ಮೊದಲು ಪೂರ್ತಿ ಜೋರಾಗಿ ಓಡಿ, 24ರ ಹತ್ತಿರ ಬಂದಾಗ ತಾನೇ ಫ್ಯಾನ್ ಇಳಿಸುತ್ತದೆ. 18 ಅಂದರೆ ‘ಬೇಗ’ ಅಲ್ಲ, ‘18 ಬರುವ ತನಕ ನಿಲ್ಲಬೇಡ’ ಅಂತ. ಮನೆಯ ಎಸಿಗಳಿಗೂ 2020ರ ಜನವರಿಯಿಂದ 24 ಡಿಗ್ರಿಯನ್ನೇ ಡಿಫಾಲ್ಟ್ ಆಗಿ ಇಡಬೇಕು ಅಂತ ಸರ್ಕಾರದ ನಿಯಮ ಬಂದಿದೆ.

ಒಂದು ಕೆಲಸ ಮಾಡಿ. ಡ್ಯಾಶ್‌ಬೋರ್ಡ್ ಮೇಲೆ, ಗಾಜಿನ ಹತ್ತಿರ, ಗೋಲಿಯಷ್ಟು ಚಿಕ್ಕ ಕಪ್ಪು ಉಬ್ಬು ಇದೆಯಾ ನೋಡಿ. ಅದು ಬಿಸಿಲು ನೋಡುವ ಸೆನ್ಸರ್. ಕೆಲವು ಕಾರಿನಲ್ಲಿ ಇರುತ್ತದೆ. ಅದರ ಮೇಲೆ ದೇವರ ಮೂರ್ತಿಯನ್ನೋ ಬಟ್ಟೆಯನ್ನೋ ಇಟ್ಟಿದ್ದರೆ ಎಸಿಗೆ ಬಿಸಿಲಿದ್ದರೂ ನೆರಳು ಅನ್ನಿಸುತ್ತದೆ. ಮೂರ್ತಿಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದರೆ ಸಾಕು.

ಪ್ರಶ್ನೆ: ಪ್ರತಿ ವರ್ಷ ಯುಗಾದಿ ಹೊತ್ತಿಗೆ ಗ್ಯಾಸ್ ಹಾಕಿಸುತ್ತೇನೆ. ‘ಗ್ಯಾಸ್ ಅಂದ್ರೆ ಪೆಟ್ರೋಲ್ ಇದ್ದಂಗೆ, ಓಡಿದಷ್ಟೂ ಖಾಲಿ ಆಗ್ತದೆ’ ಅಂತ ಹಾಕುವವರು ಹೇಳುತ್ತಾರೆ. ನಿಜವಾ?
– ಬಟ್ಟೆ ಅಂಗಡಿಯವರು, ಬಳ್ಳಾರಿ

ಉತ್ತರ: ನಿಜ ಅಲ್ಲ ಅಣ್ಣಾ. ಈ ಮಾತು ಕೇಳಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಮನೆಯ ಫ್ರಿಜ್‌ಗೆ ವರ್ಷ ವರ್ಷ ಗ್ಯಾಸ್ ಹಾಕಿಸುತ್ತೀರಾ? ಇಲ್ಲ ಅಲ್ವಾ. ಕಾರಿನದೂ ಹಾಗೇ, ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಖರ್ಚಾಗುವುದಿಲ್ಲ. ಕಾರು ಅಲುಗಾಡುತ್ತದೆ, ರಬ್ಬರ್ ಪೈಪುಗಳಿವೆ, ಹಾಗಾಗಿ ಹಲವು ವರ್ಷ ಕಳೆದ ಮೇಲೆ ಒಂದಿಷ್ಟು ಜಿನುಗುತ್ತದೆ, ಅದು ಸಹಜ. ವರ್ಷಕ್ಕೊಮ್ಮೆ ಖಾಲಿ ಆಗುತ್ತಿದೆ ಅಂದರೆ ಎಲ್ಲೋ ತೂತು ಇದೆ. ತೂತು ಮುಚ್ಚದೆ ತುಂಬಿದರೆ ಒಡೆದ ಕೊಡಕ್ಕೆ ನೀರು ಹಾಕಿದ ಹಾಗೆ.

ಇಲ್ಲವೇ ಗ್ಯಾಸ್ ಸರಿಯಾಗಿದ್ದು ಬೇರೇನೋ ಆಗಿರಬಹುದು. ನಮ್ಮ ಸೀಮೆಯಲ್ಲಿ ಅದು ಹೆಚ್ಚು. ಅದಿರು ಲಾರಿಗಳು ಹಗಲು ರಾತ್ರಿ ಓಡುತ್ತಿದ್ದ ಕಾಲ ನಿಮಗೂ ನೆನಪಿರುತ್ತದೆ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವವರೆಗೂ. ಆಗ ಸಂಡೂರು ಕಡೆಯಿಂದ ಒಂದು ಕಾರು ಬಂತು. ಒಂದೇ ಬೇಸಿಗೆಯಲ್ಲಿ ಬೇರೆ ಕಡೆ ಎರಡು ಸಲ ಗ್ಯಾಸ್ ಹಾಕಿಸಿದ್ದರು. ಹೆದ್ದಾರಿಯಲ್ಲಿ ತಂಪು, ಊರೊಳಗೆ ಬಂದರೆ ಬಿಸಿ. ಮುಂದಿನ ಬಂಪರ್ ಬಿಚ್ಚಿದೆ. ಕಂಡೆನ್ಸರ್‌ನ ತೆಳ್ಳನೆ ರೆಕ್ಕೆಗಳ ಸಂದಿಯಲ್ಲಿ ಕೆಂಪು ಧೂಳು ತುಂಬಿ, ಮಳೆಗೆ ನೆನೆದು, ಬಿಸಿಲಿಗೆ ಒಣಗಿ ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದರೂ ಬರಲಿಲ್ಲ. ಪೈಪ್ ಹಿಡಿದು ಒಳಗಿಂದ ಹೊರಕ್ಕೆ ನಿಧಾನವಾಗಿ ನೀರು ಬಿಡುತ್ತಾ ಕೂತೆವು. ಗ್ಯಾರೇಜಿನ ಅಂಗಳವೆಲ್ಲ ಓಕುಳಿ ಆಡಿದ ಹಾಗೆ ಕೆಂಪು. ನೀರು ತಿಳಿಯಾಗಿ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಗ್ಯಾಸ್ ತೆಗೆದು ತೂಗಿದರೆ 700 ಗ್ರಾಂ! ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಬರೆದಿದ್ದದ್ದು 450. ಗ್ಯಾಸ್ ಕಡಿಮೆ ಇರಲಿಲ್ಲ, ಬೇಕಾದ್ದಕ್ಕಿಂತ ಒಂದೂವರೆ ಪಟ್ಟು ಇತ್ತು. ಹೆಚ್ಚಾದರೂ ತಂಪು ಕೆಡುತ್ತದೆ, ಒಳಗಿನ ಒತ್ತಡ ಏರಿ ಕಂಪ್ರೆಸರ್‌ಗೆ ಪೆಟ್ಟು ಬೀಳುತ್ತದೆ. ಅಳೆದು 450 ತುಂಬಿದೆ. ಆ ಕಾರು ಇನ್ನೂ ನಾಲ್ಕು ಬೇಸಿಗೆ ಅದೇ ಗ್ಯಾಸಿನಲ್ಲಿ ಓಡಿತು.

ಹಾಗಾಗಿ ಈ ಸಲ ಗ್ಯಾಸ್ ಹಾಕಿಸುವ ಮೊದಲು ಲೀಕ್ ಎಲ್ಲಿದೆ ಅಂತ ತೋರಿಸಿ ಅನ್ನಿ. ಗ್ಯಾಸಿನ ಜೊತೆ ಎಣ್ಣೆಯೂ ಸುತ್ತುವುದರಿಂದ ಲೀಕ್ ಇರುವ ಜಾಗದಲ್ಲಿ ಎಣ್ಣೆ ಕಲೆ, ಅದರ ಮೇಲೆ ಧೂಳು ಅಂಟಿರುತ್ತದೆ. ಬರಿಗಣ್ಣಿಗೇ ಕಾಣುತ್ತದೆ ಎಷ್ಟೋ ಸಲ. ಲೀಕ್ ಮುಚ್ಚಿದ ಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಕನಿಷ್ಠ 20ರಿಂದ 30 ನಿಮಿಷ ಒಳಗಿನ ಗಾಳಿ, ತೇವ ಎಳೆಯಬೇಕು. ಐದು ನಿಮಿಷಕ್ಕೆ ಮುಗಿಸುವವರ ಹತ್ತಿರ ಹೋಗಬೇಡಿ. ಗ್ಯಾಸನ್ನು ಸ್ಟಿಕ್ಕರ್‌ನಲ್ಲಿ ಇರುವಷ್ಟೇ ಗ್ರಾಂ ತೂಗಿ ತುಂಬಬೇಕು. ಹಳೆಯದನ್ನು ಸುಮ್ನೆ ಗಾಳಿಗೆ ಬಿಡಬಾರದು. ನಾನು ಕೆಲಸ ಕಲಿಯುವಾಗ ಹಳೇ ಕಾರುಗಳಲ್ಲಿ ಆರ್12 ಅನ್ನುವ ಗ್ಯಾಸ್ ಇರುತ್ತಿತ್ತು. ಓಝೋನ್ ಪದರವನ್ನು ಕೊರೆಯುತ್ತದೆ ಅಂತ 1987ರ ಮಾಂಟ್ರಿಯಲ್ ಒಪ್ಪಂದದಿಂದಾಗಿ ಅದು ಹೋಯಿತು, ಆರ್134ಎ ಬಂತು. ಇದು ಓಝೋನ್ ಮುಟ್ಟುವುದಿಲ್ಲ ನಿಜ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಮಾತ್ರ ಕಾರ್ಬನ್ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಜಾಸ್ತಿ. ನಮ್ಮ ಕೆಲಸದವರು ಇದನ್ನು ಗಂಭೀರವಾಗಿ ತಗೊಳ್ಳಲೇಬೇಕು.

ಪ್ರಶ್ನೆ: ಎಸಿ ಹಾಕಿದ ಮೊದಲ ನಿಮಿಷ ಒದ್ದೆ ಸಾಕ್ಸ್ ವಾಸನೆ. ಸೆಂಟಿನ ಬಾಟಲಿ ತೂಗುಹಾಕಿದೆ, ಈಗ ಎರಡೂ ಸೇರಿ ವಾಂತಿ ಬರುತ್ತದೆ.
– ಗೃಹಿಣಿ, ಹಾಸನ

ಉತ್ತರ: ಸೆಂಟು ತೆಗೆದುಬಿಡಿ ಅಕ್ಕಾ. ಕಾರು ನಿಲ್ಲಿಸಿದಾಗ ಕೂಲಿಂಗ್ ಕಾಯಿಲ್ ಒದ್ದೆಯಾಗಿಯೇ ಉಳಿಯುತ್ತದೆ. ಕತ್ತಲು, ತೇವ, ಧೂಳು ಮೂರೂ ಸೇರಿ ಬೂಷ್ಟು ಹಿಡಿಯುತ್ತದೆ. ವಾಸನೆ ಅದರದು. ಮನೆ ಇನ್ನು ಮೂರು ನಾಲ್ಕು ನಿಮಿಷ ಇದೆ ಅನ್ನುವಾಗ ಎಸಿ ಬಟನ್ ಆಫ್ ಮಾಡಿ, ಫ್ಯಾನ್ ಹಾಗೇ ಇರಲಿ, ಹೊರಗಾಳಿ ಹಾಕಿ. ಕಾಯಿಲ್ ಒಣಗುತ್ತದೆ. ಇದನ್ನು ರೂಢಿ ಮಾಡಿಕೊಂಡರೆ ವಾಸನೆ ಮತ್ತೆ ಹುಟ್ಟುವುದು ಅಪರೂಪ.

ಆಮೇಲೆ ಕ್ಯಾಬಿನ್ ಫಿಲ್ಟರ್ ನೋಡಿ. ಹೆಚ್ಚಿನ ಕಾರುಗಳಲ್ಲಿ ಎಡಗಡೆ ಗ್ಲೌ ಬಾಕ್ಸ್ ಹಿಂದೆ ಇರುತ್ತದೆ. ಬಾಕ್ಸನ್ನು ಎರಡೂ ಕಡೆಯಿಂದ ಒಳಕ್ಕೆ ಒತ್ತಿದರೆ ಕೆಳಗಿಳಿಯುತ್ತದೆ, ಉದ್ದನೆಯ ಮುಚ್ಚಳ ಕಾಣುತ್ತದೆ, ಎಳೆದರೆ ಫಿಲ್ಟರ್ ಕೈಗೆ ಬರುತ್ತದೆ. ಹೋದ ವರ್ಷ ಕೊಪ್ಪಳದ ಒಂದು ಕಾರಿನದು ಎಳೆದಾಗ ಶೇಂಗಾ ಸಿಪ್ಪೆ, ಸೀಟಿನ ಹತ್ತಿ, ಒಣಗಿದ ಬೇವಿನ ಎಲೆ, ಅವುಗಳ ನಡುವೆ ಅಂಗೈಯಷ್ಟು ಇಲಿಗೂಡು. ಆ ಮನೆಯ ಮಕ್ಕಳು ಆರು ತಿಂಗಳಿಂದ ಅದರ ಮೂಲಕ ಬಂದ ಗಾಳಿ ಉಸಿರಾಡಿದ್ದರು. ಧೂಳಿನ ಊರಾದರೆ 10,000 ಕಿಲೋಮೀಟರ್‌ಗೊಮ್ಮೆ ಹೊಸ ಫಿಲ್ಟರ್ ಹಾಕಿಸಿ. ನೀವೇ ಹಾಕಬಹುದು, ಸ್ಕ್ರೂಡ್ರೈವರ್ ಕೂಡ ಬೇಡ ಎಷ್ಟೋ ಕಾರಿಗೆ.

ಪ್ರಶ್ನೆ: ಕಾರು ನಿಲ್ಲಿಸಿದಲ್ಲಿ ಕೆಳಗೆ ನೀರು ತೊಟ್ಟಿಕ್ಕುತ್ತದೆ. ರಿಪೇರಿ ಬೇಕಾ?
– ನಿವೃತ್ತ ನೌಕರ, ಶಿವಮೊಗ್ಗ

ಉತ್ತರ: ಬೇಡ ಯಜಮಾನ್ರೇ, ಅದು ಎಸಿ ಗಾಳಿಯಿಂದ ತೆಗೆದ ತೇವ. ತೊಟ್ಟಿಕ್ಕಲೇಬೇಕು. ಹೊರಗೆ ತೊಟ್ಟಿಕ್ಕುವುದು ನಿಂತು ಒಳಗೆ ಎಡಗಡೆಯ ಮ್ಯಾಟ್ ಒದ್ದೆಯಾದರೆ ಡ್ರೈನ್ ಪೈಪ್ ಕಟ್ಟಿದೆ ಅಂತ. ಆಗ ತಡ ಮಾಡಬೇಡಿ.

ಪ್ರಶ್ನೆ: ಎಲೆಕ್ಟ್ರಿಕ್ ಕಾರು ತಗೊಂಡಿದ್ದೇನೆ. ಎಸಿ ಹಾಕಿದರೆ ಬ್ಯಾಟರಿ ಇಳಿಯುವುದು ಕಣ್ಣಿಗೇ ಕಾಣುತ್ತದೆ.
– ಬ್ಯಾಂಕ್ ನೌಕರ, ಮೈಸೂರು

ಉತ್ತರ: ಅದರ ಎಸಿ ಓಡುವುದೂ ಅದೇ ದೊಡ್ಡ ಬ್ಯಾಟರಿಯಿಂದ, ಹಾಗಾಗಿ ಕಾಣುತ್ತದೆ. ಹೊರಡುವ ಹತ್ತು ನಿಮಿಷ ಮೊದಲು, ಚಾರ್ಜರ್ ಚುಚ್ಚಿರುವಾಗಲೇ, ಮೊಬೈಲಿನಿಂದ ಎಸಿ ಆನ್ ಮಾಡಿ. ಕಾದ ಕಾರನ್ನು ತಣ್ಣಗೆ ಮಾಡುವ ದೊಡ್ಡ ಖರ್ಚು ಮನೆಯ ಕರೆಂಟಿಗೆ ಹೋಗುತ್ತದೆ. ದಾರಿಯಲ್ಲಿ ಆ ತಂಪನ್ನು ಕಾಪಾಡಿಕೊಳ್ಳುವುದಷ್ಟೇ ಕೆಲಸ.

ಪ್ರಶ್ನೆ: ದೇವನಹಳ್ಳಿ ಏರ್‌ಪೋರ್ಟ್ ಹತ್ತಿರ ಬಾಡಿಗೆಗೆ ಕಾಯುತ್ತಾ ರಾತ್ರಿ ಎಸಿ ಹಾಕಿಕೊಂಡು ಕಾರಲ್ಲೇ ಮಲಗುತ್ತೇನೆ. ಕಿಟಕಿ ಒಂದು ಇಂಚು ಬಿಟ್ಟಿರುತ್ತೇನೆ. ಪರವಾಗಿಲ್ಲ ತಾನೇ?
– ಟ್ಯಾಕ್ಸಿ ಚಾಲಕ, ಬೆಂಗಳೂರು

ಉತ್ತರ: ಇಲ್ಲ ತಮ್ಮಾ, ಹಾಗೆ ಮಲಗಬೇಡ. ಎಂಜಿನ್ ಓಡುತ್ತಿದ್ದರೆ ಸೈಲೆನ್ಸರ್‌ನಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸೈಲೆನ್ಸರ್ ಪೈಪಿನಲ್ಲಿ ಒಂದು ತೂತು, ಕಾರಿನ ತಳದಲ್ಲಿ ಒಂದು ಸಂದಿ, ಗಾಳಿ ಇಲ್ಲದ ರಾತ್ರಿ, ಇಷ್ಟು ಸಾಕು. ಎಚ್ಚರ ಇದ್ದವರಿಗೆ ತಲೆನೋವು ಬಂದು ಗೊತ್ತಾಗಬಹುದು. ಮಲಗಿದವರಿಗೆ ಗೊತ್ತಾಗುವುದೇ ಇಲ್ಲ. ಒಂದು ಇಂಚು ಕಿಟಕಿಯನ್ನು ನಂಬಿಕೊಂಡು ಪ್ರಾಣ ಪಣಕ್ಕಿಡಬೇಡ. ಅದೇ ಕಿಟಕಿಯಿಂದ ಹೊಗೆ ಒಳಗೂ ಬರಬಹುದು. ಷೆಡ್ಡಿನೊಳಗೆ, ಬೇಸ್‌ಮೆಂಟಿನಲ್ಲಿ ಅಂತೂ ಎಂಜಿನ್ ಓಡಿಸಿ ಕೂರಲೂಬಾರದು.

ಬಯಲಿನಲ್ಲಿ ಎಚ್ಚರವಾಗಿದ್ದು ಹತ್ತು ನಿಮಿಷ ಎಸಿ ಹಾಕಿ ಕಾರು ತಣ್ಣಗೆ ಮಾಡಿಕೋ. ಆಮೇಲೆ ಎಂಜಿನ್ ಆಫ್, ಕಿಟಕಿ ಕೆಳಗೆ. ಸೊಳ್ಳೆಗೆ ಕಿಟಕಿಗೆ ಹಾಕುವ ಬಲೆ ಸಿಗುತ್ತದೆ, ತಗೋ. ನಿನ್ನ ಜೊತೆ ಕಾಯುವ ಬೇರೆ ಡ್ರೈವರ್‌ಗಳಿಗೂ ಹೇಳು.

ಪ್ರಶ್ನೆ: 22 ವರ್ಷ ಎಸಿ ಇಲ್ಲದ ಲಾರಿ ಓಡಿಸಿದೆ. ಈಗಿನ ಹೊಸ ಗಾಡಿಗೆ ಎಸಿ ಇದೆ. ಡೀಸೆಲ್ ಸುಡುತ್ತೆ, ಹಾಕಬೇಡ ಅಂತ ಮಾಲೀಕರು. ಎಷ್ಟು ಸುಡುತ್ತೆ, ಹೇಗೆ ಬಳಸಬೇಕು?
– ಲಾರಿ ಚಾಲಕ, ಚಿತ್ರದುರ್ಗ

ಉತ್ತರ: ಡ್ರೈವರ್ ಅಣ್ಣಾ, ನಿಮ್ಮ ಪತ್ರ ಓದಿ ನನಗೆ ಬಹಳ ಸಂತೋಷ ಆಯಿತು. ಕಾರುಗಳಿಗೆ ಬಂದು ಎಷ್ಟೋ ವರ್ಷವಾದ ಮೇಲೆ ಲಾರಿಗೆ ಬಂತು. ಒಟ್ಟು ತೂಕ 3.5 ಟನ್ ಮೀರಿದ ಹೊಸ ಲಾರಿಗಳಿಗೆಲ್ಲ 2025ರಿಂದ ಕ್ಯಾಬಿನ್ ಎಸಿ ಕಡ್ಡಾಯ. ಸುಮ್ಮನೆ ಸೌಕರ್ಯಕ್ಕೆ ಕೊಟ್ಟಿದ್ದಲ್ಲ. ಕೆಳಗೆ ಎಂಜಿನ್ ಬಿಸಿ, ಮುಂದೆ ಗಾಜಿನ ಬಿಸಿಲು, ಹತ್ತು ಹನ್ನೆರಡು ಗಂಟೆ ಸ್ಟೇರಿಂಗ್. ದಣಿದ ಕಣ್ಣು ತಪ್ಪು ಮಾಡುತ್ತದೆ ಅಂತಲೇ ಕೊಟ್ಟಿದ್ದು.

ಡೀಸೆಲ್ ಲೆಕ್ಕ ಮಾಲೀಕರಿಗೆ ಹೀಗೆ ಹೇಳಿ. ಲಾರಿ ಎಂಜಿನ್ 200 ಎಚ್‌ಪಿ ಆಸುಪಾಸು. ಕಂಪ್ರೆಸರ್ ಕೇಳುವುದು ನಾಲ್ಕೈದು ಎಚ್‌ಪಿ. 800 ಸಿಸಿಯ ಸಣ್ಣ ಕಾರಿಗೆ ಎಸಿ ಹಾಕಿದಾಗ ಎಳೆತ ಕಡಿಮೆಯಾಗುವುದು ಗೊತ್ತಾಗುತ್ತದೆ, ಲಾರಿಗೆ ಗೊತ್ತೇ ಆಗುವುದಿಲ್ಲ. ನಿಜವಾಗಿ ಡೀಸೆಲ್ ಸುಡುವುದು ಲೋಡಿಂಗ್‌ಗೆ ಕಾಯುತ್ತಾ ಗಂಟೆಗಟ್ಟಲೆ ಎಂಜಿನ್ ಓಡಿಸಿ ಎಸಿಯಲ್ಲಿ ಕೂತರೆ. ಅದನ್ನು ಮಾಡಬೇಡಿ. ಮೇಲೆ ಟ್ಯಾಕ್ಸಿ ತಮ್ಮನಿಗೆ ಹೇಳಿದ ಮಾತು ನಿಮಗೂ ಸೇರುತ್ತದೆ.

ಹೊರಟಾಗ ಕಿಟಕಿ ಇಳಿಸಿ ಒಂದೆರಡು ಕಿಲೋಮೀಟರ್, ಆಮೇಲೆ ಎಸಿ, ಒಳಗಾಳಿ. ಇಪ್ಪತ್ತು ನಿಮಿಷಕ್ಕೊಮ್ಮೆ ಹೊರಗಾಳಿ, ರಾತ್ರಿ ಇದನ್ನು ಮರೆಯಲೇಬೇಡಿ. ತೀರಾ ತಣ್ಣಗೆ ಇಟ್ಟು, ಇಳಿದಾಗ ಬಿಸಿಲಿಗೆ ಮೈ ಕೊಟ್ಟರೆ ತಲೆ ಹಿಡಿಯುತ್ತದೆ, ನಡುವಿನಲ್ಲಿ ಇಡಿ. ಮುಂದಿನ ಗಾಳಿಜಾಲರಿಗೆ ಅಡ್ಡವಾಗಿ ಬೋರ್ಡು, ಹೂವಿನ ದೊಡ್ಡ ಹಾರ ಕಟ್ಟಬೇಡಿ, ಹಬ್ಬಕ್ಕೆ ಕಟ್ಟಿದರೆ ಮರುದಿನ ಬಿಚ್ಚಿ. ವಾರಕ್ಕೊಮ್ಮೆ ಗಾಡಿ ತೊಳೆಯುವಾಗ ಕಂಡೆನ್ಸರ್‌ಗೆ ಸಣ್ಣ ಒತ್ತಡದಲ್ಲಿ ನೀರು ಹಾಯಿಸಿ. ಜೋರಾಗಿ ಹೊಡೆದರೆ ರೆಕ್ಕೆ ಬಗ್ಗುತ್ತವೆ. ಚಳಿಗಾಲದಲ್ಲೂ ವಾರಕ್ಕೆ ಹತ್ತು ನಿಮಿಷ ಎಸಿ ಓಡಿಸಿ, ಎಣ್ಣೆ ಸುತ್ತಾಡಿ ಕಂಪ್ರೆಸರ್‌ನ ಸೀಲ್ ಒಣಗದೆ ಉಳಿಯುತ್ತದೆ.

ಕೊನೆಗೆ, ಕ್ಯಾಬಿನ್ ನೆಲದಲ್ಲಿ ಗೇರ್ ಲಿವರ್ ಸುತ್ತ ಇರುವ ರಬ್ಬರ್ ಬೂಟ್ ನೋಡಿ, ಪೆಡಲ್‌ಗಳ ಹತ್ತಿರದ ರಬ್ಬರ್‌ಗಳನ್ನೂ ನೋಡಿ. ಹೊಸ ಗಾಡಿಯಲ್ಲಿ ಸರಿಯಾಗಿರುತ್ತವೆ. ಒಂದೆರಡು ವರ್ಷದಲ್ಲಿ ಹರಿಯುತ್ತವೆ, ಆ ಸಂದಿಯಿಂದ ಎಂಜಿನ್ ಬಿಸಿ ನೇರ ನಿಮ್ಮ ಕಾಲಿಗೆ ಬರುತ್ತದೆ. ಮೊಣಕಾಲಿನ ಕೆಳಗೆ ಬಿಸಿ, ಮುಖಕ್ಕೆ ತಂಪು ಅನ್ನಿಸಿದ ದಿನ ಎಸಿ ಮೆಕ್ಯಾನಿಕ್ ಹತ್ತಿರ ಹೋಗಬೇಡಿ, ಆ ರಬ್ಬರ್ ಬದಲಿಸಿ.